ಕ್ರೂಗರ್ ಕಾಡಿನಲ್ಲಿ ನಾವೇ ಕಾರು ಓಡಿಸುವುದು, ಕಾಲ್ನಡಿಗೆಯಲ್ಲಿ ಹೋಗುವುದು ಕ್ಷೇಮವೇ?

ಆಗಸ್ಟ್ ತಿಂಗಳಲ್ಲಿ ಪತ್ನಿ ಹಾಗೂ 13 ವರ್ಷದ ಮಗಳೊಂದಿಗೆ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದೀರಿ. ಬಾಡಿಗೆ ಕಾರನ್ನು ನೀವೇ ಓಡಿಸಿಕೊಂಡು ಕಾಡು ಸುತ್ತುವುದು ಕ್ಷೇಮವೇ, ಕಾಲ್ನಡಿಗೆಯ ಸಫಾರಿಗೆ ಮಗಳನ್ನು ಕರೆದೊಯ್ಯಬಹುದೇ, ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಯಾವುದನ್ನು ಆರಿಸಬೇಕು ಎಂದು ಕೇಳಿದ್ದೀರಿ. ಕೆಲಸದ ನಿಮಿತ್ತ ನಾನು ಆರು ವರ್ಷ ಜೋಹಾನ್ಸ್‌ಬರ್ಗ್‌ನಲ್ಲಿದ್ದೆ. ಆ ಅವಧಿಯಲ್ಲಿ ಕ್ರೂಗರ್‌ಗೆ ಹನ್ನೊಂದು ಬಾರಿ ಹೋಗಿದ್ದೇನೆ. ಝಾಂಬಿಯಾದ ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನದಲ್ಲಿ ಒಮ್ಮೆ ನಾಲ್ಕು ದಿನ ನಡೆದಿದ್ದೇನೆ. ನಿಮ್ಮ ಮೊದಲೆರಡು ಪ್ರಶ್ನೆಗಳಿಗೂ ನನ್ನ ಉತ್ತರ ಹೌದು ಎಂದೇ. ಆದರೆ ಕಾರಿನಲ್ಲಿ ನಾವು ಕ್ಷೇಮವಾಗಿರುವುದಕ್ಕೂ ಕಾಲ್ನಡಿಗೆಯಲ್ಲಿ ಕ್ಷೇಮವಾಗಿರುವುದಕ್ಕೂ ಕಾರಣಗಳು ಬೇರೆ ಬೇರೆ. ಆ ಕಾರಣ ಮನಸ್ಸಿಗೆ ಇಳಿಯದೆ ನಿಯಮಗಳನ್ನಷ್ಟೇ ಬಾಯಿಪಾಠ ಮಾಡಿಕೊಂಡು ಹೋದರೆ, ಬೇಕಾದ ಗಳಿಗೆಯಲ್ಲಿ ಅವು ನೆನಪಿಗೆ ಬರುವುದಿಲ್ಲ.

ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿ ಮಾಡಿದವರು ಅರಣ್ಯ ಇಲಾಖೆಯ ವಾಹನದಲ್ಲೋ ಜಂಗಲ್ ಲಾಡ್ಜಸ್‌ನ ಜೀಪಿನಲ್ಲೋ ಕುಳಿತವರು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬುದನ್ನೆಲ್ಲ ಅಲ್ಲಿ ಚಾಲಕನೇ ತೀರ್ಮಾನಿಸುತ್ತಾನೆ. ಕ್ರೂಗರ್‌ನಲ್ಲಿ ಆ ತೀರ್ಮಾನಗಳೆಲ್ಲ ನಿಮ್ಮ ಪಾಲಿಗೆ ಬರುತ್ತವೆ. ಸುಮಾರು 20,000 ಚದರ ಕಿಲೋಮೀಟರ್ ವಿಸ್ತಾರದ, ಉತ್ತರದಿಂದ ದಕ್ಷಿಣಕ್ಕೆ 360 ಕಿಲೋಮೀಟರ್ ಉದ್ದದ ಆ ಕಾಡಿನ ಮುಖ್ಯ ರಸ್ತೆಗಳಿಗೆ ಟಾರು ಹಾಕಲಾಗಿದೆ. ಒಳರಸ್ತೆಗಳು ಗಟ್ಟಿ ಮಣ್ಣಿನವು. ಸಾಮಾನ್ಯ ಚಿಕ್ಕ ಕಾರಿನಲ್ಲಿಯೇ ಬಹುಪಾಲು ಸುತ್ತಬಹುದು. ನಮ್ಮಲ್ಲಿಯಂತೆಯೇ ಅಲ್ಲಿಯೂ ವಾಹನಗಳು ಎಡಬದಿಯಲ್ಲಿ ಚಲಿಸುತ್ತವೆ. ಆದ್ದರಿಂದ ಕಾರು ಓಡಿಸುವುದು ಒಂದು ಸಮಸ್ಯೆಯೇ ಅಲ್ಲ.

1926ರಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನವಾಯಿತು. 1927ರಲ್ಲಿ ಪ್ರವಾಸಿಗರಿಗೆ ತೆರೆದಾಗ ಆ ವರ್ಷವೆಲ್ಲ ಒಳಹೊಕ್ಕ ಕಾರುಗಳು ಮೂರೇ ಮೂರು. ಇಂದು ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಅಂದರೆ ಅಲ್ಲಿನ ಸಿಂಹ, ಆನೆ, ಇಂಪಾಲ ಜಿಂಕೆಗಳು ತಲೆಮಾರುಗಳಿಂದ ಕಾರುಗಳ ನಡುವೆಯೇ ಹುಟ್ಟಿ ಬೆಳೆದಿವೆ. ಪೆಟ್ರೋಲ್ ವಾಸನೆ ಸೂಸುತ್ತ, ಗುರ್ ಎನ್ನುತ್ತ ಬಂದು ನಿಂತು ಹೋಗುವ ಈ ಡಬ್ಬಿಯು ತಮ್ಮನ್ನು ಬೇಟೆಯಾಡುವುದಿಲ್ಲ, ತಮ್ಮ ಬೇಟೆಯೂ ಅಲ್ಲ ಎಂಬುದು ಅವುಗಳಿಗೆ ರೂಢಿಯಾಗಿಬಿಟ್ಟಿದೆ. ಕಾರಿನೊಳಗಿರುವವರೆಗೆ ನೀವು ಆ ಡಬ್ಬಿಯ ಒಂದು ಭಾಗ ಮಾತ್ರ. ಬಾಗಿಲು ತೆರೆದು ಕಾಲಿಟ್ಟ ಕ್ಷಣ, ಅಥವಾ ಮೇಲಿನ ಗಾಜು ಸರಿಸಿ ಎದ್ದು ನಿಂತ ಕ್ಷಣ, ಡಬ್ಬಿಯ ಆಕಾರ ಒಡೆದು ಅಲ್ಲಿ ಮನುಷ್ಯ ಕಾಣಿಸುತ್ತಾನೆ. ಮನುಷ್ಯನನ್ನು ಆಫ್ರಿಕಾದ ಪ್ರಾಣಿಗಳು ಲಕ್ಷಾಂತರ ವರ್ಷಗಳಿಂದ ಬಲ್ಲವು. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತ ಆಕೃತಿ ಅವುಗಳಿಗೆ ಅಪಾಯದ ಗುರುತು. ಕಾರಿನ ಪಕ್ಕದಲ್ಲಿ ಹತ್ತು ಅಡಿ ದೂರದಲ್ಲಿ ಮಲಗಿ ಆಕಳಿಸುವ ಸಿಂಹವೇ, ಕಾಲ್ನಡಿಗೆಯ ಗುಂಪನ್ನು ನೂರು ಮೀಟರಿನಾಚೆ ಕಂಡೊಡನೆ ಎದ್ದು ಓಡಿಹೋಗುವುದನ್ನು ನಾನು ಕಂಡಿದ್ದೇನೆ. ಎರಡೂ ಬಗೆಯ ಸಫಾರಿಯ ನಿಯಮಗಳೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿವೆ.

ಕಿಟಕಿಯಿಂದ ಕೈ, ತಲೆ ಹೊರಹಾಕಬಾರದು, ಗುರುತಿಸಿದ ತಂಗುದಾಣಗಳಲ್ಲಲ್ಲದೆ ಬೇರೆಲ್ಲೂ ಇಳಿಯಬಾರದು ಎಂಬ ನಿಯಮಗಳ ಹಿಂದಿರುವುದು ಇದೇ. 2015ರಲ್ಲಿ ಜೋಹಾನ್ಸ್‌ಬರ್ಗ್ ಬಳಿಯ ಒಂದು ಖಾಸಗಿ ಸಿಂಹಧಾಮದಲ್ಲಿ, ಕಾರಿನ ಕಿಟಕಿ ಇಳಿಸಿಕೊಂಡಿದ್ದ ಪ್ರವಾಸಿಯೊಬ್ಬರು ಸಿಂಹದ ದಾಳಿಯಿಂದ ಪ್ರಾಣ ಕಳೆದುಕೊಂಡರು. ಸಿಂಹ ಹತ್ತಿರವಿದ್ದಾಗ ಗಾಜು ಏರಿಸಿರಿ, ಫೋಟೋ ಕೆಟ್ಟರೂ ಚಿಂತೆಯಿಲ್ಲ. ಕೋತಿಗಳಿಗೂ ಬಬೂನ್‌ಗಳಿಗೂ ಮಗಳು ಬಿಸ್ಕತ್ತು ಕೊಡದಂತೆ ನೋಡಿಕೊಳ್ಳಿ. ಜನರ ಕೈ ತಿಂಡಿಗೆ ಒಗ್ಗಿ ಮೇಲೆ ಬೀಳಲು ಕಲಿತ ಪ್ರಾಣಿಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ.

ಆದರೆ ಕಾರಿನ ಈ ರಕ್ಷಣೆ ಆನೆಯ ಮುಂದೆ ಪೂರ್ತಿ ಕೆಲಸ ಮಾಡುವುದಿಲ್ಲ. ಆಫ್ರಿಕಾದ ದೊಡ್ಡ ಸಲಗ ಆರು ಟನ್ ತೂಗಬಲ್ಲದು; ನಿಮ್ಮ ಬಾಡಿಗೆ ಕಾರು ಒಂದು ಟನ್ ತೂಗಿದರೆ ಹೆಚ್ಚು. 2013ರ ಡಿಸೆಂಬರ್ ಕೊನೆಯಲ್ಲಿ ಕ್ರೂಗರ್‌ನಲ್ಲಿ ಸಲಗವೊಂದು ಪ್ರವಾಸಿ ದಂಪತಿಯ ಕಾರನ್ನು ಮಗುಚಿ ಹಾಕಿತು, ಒಳಗಿದ್ದ ಮಹಿಳೆಗೆ ದಂತದ ಗಾಯವಾಯಿತು, ಆನೆಯನ್ನು ಅಧಿಕಾರಿಗಳು ಕೊಂದರು. ನನಗೂ ಒಮ್ಮೆ ಇಂತಹ ಸನ್ನಿವೇಶ ಎದುರಾಗಿತ್ತು. ಪ್ರವಾಸಿಗರು ತಂಗುವ ಲೋವರ್ ಸಾಬಿ ಶಿಬಿರದಿಂದ ಸ್ಕುಕುಜಾ ಶಿಬಿರಕ್ಕೆ ಸಾಬಿ ನದಿಯ ದಂಡೆಯಲ್ಲೇ ಸಾಗುವ ರಸ್ತೆಯಲ್ಲಿ, ಸಂಜೆ ನಾಲ್ಕೂವರೆಯ ಹೊತ್ತಿಗೆ, ತಿರುವು ದಾಟಿದೊಡನೆ ಒಂಟಿ ಸಲಗವೊಂದು ರಸ್ತೆಯ ನಟ್ಟನಡುವೆ ನಮ್ಮ ಕಡೆಗೇ ನಡೆದು ಬರುತ್ತಿತ್ತು. ನಾನು ನಲವತ್ತು ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಕ್ಯಾಮೆರಾ ಎತ್ತಿಕೊಂಡೆ. ಅದು ನಡಿಗೆಯ ವೇಗವನ್ನು ಕೂದಲೆಳೆಯಷ್ಟೂ ಬದಲಿಸದೆ ಬಂದಿತು. ಗಂಡಸ್ಥಳದಿಂದ ಒಸರಿದ ಮದಜಲ ಕೆನ್ನೆಯ ಮೇಲೆ ಕಪ್ಪು ಗೆರೆ ಎಳೆದಿತ್ತು, ಹಿಂಗಾಲುಗಳ ಒಳಬದಿ ಮೂತ್ರದಿಂದ ತೊಯ್ದು ಮಿನುಗುತ್ತಿತ್ತು, ಗಾಳಿ ಬೀಸಿದಾಗ ಘಾಟು ವಾಸನೆ ಕಾರಿನೊಳಕ್ಕೆ ಬಂದಿತು. “ರೀ, ಹಿಂದಕ್ಕೆ ತಗೊಳ್ಳಿ” ಎಂದು ಪತ್ನಿ ಎರಡು ಬಾರಿ ಹೇಳಿದ ಮೇಲೆಯೇ ನಾನು ಎಚ್ಚೆತ್ತದ್ದು. ಹಿಂದಿನ ಎರಡು ಕಾರುಗಳವರು ಅನುಭವಿಗಳಿರಬೇಕು. ನಮ್ಮ ರಿವರ್ಸ್ ದೀಪ ಕಂಡೊಡನೆ ಅವರೂ ಹಿಂದೆ ಸರಿದರು. ಮೂರೂ ಕಾರುಗಳು ಸುಮಾರು ಮುನ್ನೂರು ಮೀಟರ್ ಹಿಮ್ಮುಖವಾಗಿ ಸಾಗಿದ ಮೇಲೆ ಸಲಗ ರಸ್ತೆ ಬಿಟ್ಟು ನದಿಗೆ ಇಳಿಯಿತು.

ಅಂದು ಕಲಿತದ್ದನ್ನು ಒತ್ತಿ ಹೇಳುತ್ತೇನೆ. ಎದುರಿಗೆ ಬರುವ ಆನೆಯ ಮುಂದೆ ಎಂಜಿನ್ ಆರಿಸಬೇಡಿ, ನೂರು ಮೀಟರ್ ದೂರದಲ್ಲಿರುವಾಗಲೇ ಹಿಂದೆ ಸರಿಯಲು ಆರಂಭಿಸಿ, ಹಿಂದಿರುವ ಕಾರಿಗೆ ಅಂಟಿಕೊಂಡಂತೆ ಎಂದೂ ನಿಲ್ಲಬೇಡಿ. ಆಫ್ರಿಕಾದ ಆನೆಗಳಲ್ಲಿ ಹೆಣ್ಣಾನೆಗೂ ಗಂಡಸ್ಥಳದಿಂದ ದ್ರವ ಒಸರುವುದುಂಟು, ಆದ್ದರಿಂದ ಅದೊಂದನ್ನೇ ನೋಡಿ ಮದವೆಂದು ನಿರ್ಧರಿಸಲಾಗದು. ಒದ್ದೆಯಾದ ಹಿಂಗಾಲು ಮತ್ತು ಆ ಘಾಟು ವಾಸನೆಯೇ ನಂಬಬಹುದಾದ ಗುರುತು. ಮರಿಯಿರುವ ಹಿಂಡು ರಸ್ತೆ ದಾಟುವಾಗ, ಮೊದಲರ್ಧ ದಾಟಿತೆಂದು ನಡುವೆ ನುಗ್ಗಬೇಡಿ.

ಇನ್ನೊಂದು ತಪ್ಪು ಅವಸರದ್ದು. ಟಾರು ರಸ್ತೆಯಲ್ಲಿ ಗಂಟೆಗೆ 50, ಮಣ್ಣು ರಸ್ತೆಯಲ್ಲಿ 40 ಕಿಲೋಮೀಟರ್ ಮಿತಿಯಿದೆ; ಆದರೆ ನಿಲ್ಲುತ್ತ ನೋಡುತ್ತ ಹೋಗುವವರು ಗಂಟೆಗೆ 25 ಕಿಲೋಮೀಟರ್ ಎಂದೇ ಲೆಕ್ಕ ಹಾಕಬೇಕು. ಸ್ಕುಕುಜಾದಿಂದ ಸಟಾರಾ ಶಿಬಿರಕ್ಕೆ ತೊಂಬತ್ತು ಚಿಲ್ಲರೆ ಕಿಲೋಮೀಟರ್. ಗೂಗಲ್ ನಕ್ಷೆ ಏನೇ ಹೇಳಲಿ, ಅದಕ್ಕೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ಶಿಬಿರಗಳ ಬಾಗಿಲು ಬೆಳಿಗ್ಗೆ 6ಕ್ಕೆ ತೆರೆದು ಸಂಜೆ 6ಕ್ಕೆ ಮುಚ್ಚುತ್ತದೆ, ತಡವಾದರೆ ದಂಡ ಕಟ್ಟಬೇಕು. ದಂಡಕ್ಕಿಂತ ಮುಖ್ಯವಾಗಿ, ಬಾಗಿಲು ಮುಚ್ಚುತ್ತದೆಂಬ ಆತಂಕದಲ್ಲಿರುವ ಚಾಲಕನೇ ಆನೆಯನ್ನು ಬಳಸಿಕೊಂಡು ಹೋಗಲು ಯತ್ನಿಸುವುದು.

ಆಗಸ್ಟ್ ತಿಂಗಳು ನೀವು ಆರಿಸಿಕೊಂಡದ್ದು ಒಳ್ಳೆಯದಾಯಿತು. ಅದು ಅಲ್ಲಿ ಒಣ ಚಳಿಗಾಲದ ಕೊನೆ. ಎಲೆ ಉದುರಿ ಕಾಡು ತೆರೆದುಕೊಂಡಿರುತ್ತದೆ, ಹುಲ್ಲು ಕುಗ್ಗಿರುತ್ತದೆ, ಪ್ರಾಣಿಗಳು ನದಿ, ಹೊಂಡಗಳ ಸುತ್ತ ಸೇರಿರುತ್ತವೆ. ಸೊಳ್ಳೆ ಕಡಿಮೆಯಾದರೂ ಅದು ಮಲೇರಿಯಾ ಪ್ರದೇಶವೇ, ಹೊರಡುವ ಮುನ್ನ ವೈದ್ಯರನ್ನು ಕಾಣಿರಿ. ಬಾಡಿಗೆ ಕಾರಿನವರು ಸಾಮಾನ್ಯವಾಗಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಕೇಳುತ್ತಾರೆ. ನಿಮ್ಮೂರಿನ ಆರ್‌ಟಿಒದಲ್ಲಿಯೇ ಅದನ್ನು ಮಾಡಿಸಿಕೊಳ್ಳಬಹುದು.

ಈಗ ಕಾಲ್ನಡಿಗೆಯ ವಿಚಾರ. ಇಲ್ಲಿ ನಿಮ್ಮನ್ನು ಕಾಪಾಡುವ ಡಬ್ಬಿಯಿಲ್ಲ. ನೀವೂ ಒಂದು ಪ್ರಾಣಿಯಾಗಿ ಕಾಡಿನೊಳಗೆ ಹೋಗುತ್ತೀರಿ. ಹೀಗೆ ಬೇಟೆಯ ಉದ್ದೇಶವಿಲ್ಲದೆ ಜನರನ್ನು ನಡೆಸುವ ಪದ್ಧತಿ ತೀರ ಹಳೆಯದಲ್ಲ. ದಕ್ಷಿಣ ಆಫ್ರಿಕಾದಲ್ಲಿ ವನ್ಯಜೀವಿ ಸಂರಕ್ಷಕ ಇಯಾನ್ ಪ್ಲೇಯರ್ ಮತ್ತು ಝುಲು ಜನಾಂಗದ ಹಿರಿಯ ವನರಕ್ಷಕ ಮಕುಬು ಎನ್ಟೊಂಬೆಲಾ 1950ರ ದಶಕದ ಕೊನೆಯಲ್ಲಿ ಇದನ್ನು ಬೆಳೆಸಿದರು. ಝಾಂಬಿಯಾದ ಲುವಾಂಗ್ವಾ ಕಣಿವೆಯಲ್ಲಿ ವನ್ಯಜೀವಿ ಸಂರಕ್ಷಕ ನಾರ್ಮನ್ ಕಾರ್, ಪ್ರವಾಸಿಗರ ಹಣ ಸ್ಥಳೀಯ ಜನರಿಗೂ ಸೇರಬೇಕೆಂದು 1950ರಲ್ಲಿ ಎನ್ಸೆಫು ಪಾಳೆಯದ ಮುಖ್ಯಸ್ಥರೊಡನೆ ಶಿಬಿರ ತೆರೆದು, ಮುಂದೆ ಅಲ್ಲಿ ನಡಿಗೆಯ ಸಫಾರಿಯನ್ನೂ ಆರಂಭಿಸಿದರು. ಕ್ರೂಗರ್‌ನ ಮೊದಲ ಬಹುದಿನದ ನಡಿಗೆ 1978ರಲ್ಲಿ ಶುರುವಾಯಿತು. ಅದಕ್ಕೆ ವೋಲ್ಹುಟರ್ ಎಂಬ ರೇಂಜರ್‌ನ ಹೆಸರಿದೆ. 1903ರಲ್ಲಿ ತನ್ನನ್ನು ಕುದುರೆಯಿಂದ ಕೆಡವಿ ಎಳೆದೊಯ್ಯುತ್ತಿದ್ದ ಸಿಂಹವನ್ನು ಆತ ಸೊಂಟದ ಚಾಕುವಿನಿಂದ ತಿವಿದು ಕೊಂದು ಬದುಕಿದ. ಆ ಚಾಕುವನ್ನು ಸ್ಕುಕುಜಾದಲ್ಲಿ ಇಟ್ಟಿದ್ದಾರೆ, ಮಗಳಿಗೆ ತೋರಿಸಿ.

ನಿಮಗೆ ಸೂಕ್ತವಾದದ್ದು ದೊಡ್ಡ ಶಿಬಿರಗಳಿಂದ ಹೊರಡುವ ಬೆಳಗಿನ ನಡಿಗೆ. ಎಂಟು ಜನರ ಮಿತಿ, ಬಂದೂಕು ಹಿಡಿದ ಇಬ್ಬರು ಮಾರ್ಗದರ್ಶಿಗಳು, 12 ವರ್ಷ ತುಂಬಿದವರಿಗಷ್ಟೇ ಅವಕಾಶ. ಆದ್ದರಿಂದ ನಿಮ್ಮ ಮಗಳು ಬರಬಹುದು. ನಸುಕಿನಲ್ಲಿ ಜೀಪಿನಲ್ಲಿ ಕಾಡಿನೊಳಗೆ ಕರೆದೊಯ್ದು, ಇಳಿಸಿ, ಒಬ್ಬರ ಹಿಂದೊಬ್ಬರಂತೆ ನಡೆಸುತ್ತಾರೆ. ಬಂದೂಕು ಕಂಡು ಧೈರ್ಯ ತಂದುಕೊಳ್ಳುವುದು ಸಹಜವಾದರೂ, ಒಳ್ಳೆಯ ಮಾರ್ಗದರ್ಶಿ ಅದನ್ನು ಉಪಯೋಗಿಸುವ ಸಂದರ್ಭವೇ ಬರದಂತೆ ನಡೆಯುತ್ತಾನೆ. ನಾವು ಬಂದದ್ದೂ ಹೋದದ್ದೂ ಪ್ರಾಣಿಗೆ ತಿಳಿಯಬಾರದು ಎಂಬುದೇ ಅವರ ವೃತ್ತಿಧರ್ಮ.

ಸಟಾರಾ ಬಳಿಯ ನಡಿಗೆಯೊಂದರಲ್ಲಿ ನಮ್ಮ ಮಾರ್ಗದರ್ಶಿಯ ಕೈಯಲ್ಲಿ ಬೂದಿ ತುಂಬಿದ ಹಳೆಯ ಕಾಲುಚೀಲವೊಂದಿತ್ತು. ಐದು ಹತ್ತು ನಿಮಿಷಕ್ಕೊಮ್ಮೆ ಆತ ಅದನ್ನು ಮೆಲ್ಲಗೆ ಅಲುಗಿಸಿ, ಉದುರಿದ ಬೂದಿ ಯಾವ ಕಡೆಗೆ ತೇಲಿತೆಂದು ನೋಡಿ ದಾರಿ ಬದಲಿಸುತ್ತಿದ್ದ. ಆನೆಗೆ, ಆಫ್ರಿಕಾದ ಕಾಡೆಮ್ಮೆಗೆ ನಮ್ಮ ಗಾಳಿ ತಾಗಬಾರದು, ಅಷ್ಟೇ. ಒಂದು ಕಡೆ ಮುಳ್ಳುಗಿಡದ ರೆಂಬೆ ಹಿಡಿದು ತೋರಿಸಿದ: ಗಿಣ್ಣು ಗಿಣ್ಣಿಗೂ ಎರಡು ಮುಳ್ಳು, ಒಂದು ನೇರ, ಇನ್ನೊಂದು ಹಿಂದಕ್ಕೆ ಕೊಕ್ಕೆಯಂತೆ ಬಾಗಿದ್ದು. ಮನೆಯಿಂದ ದೂರದಲ್ಲಿ ಸತ್ತವರ ಆತ್ಮವನ್ನು ಊರಿಗೆ ಕರೆತರಲು ಝುಲು ಜನ ಇದೇ ಗಿಡದ ರೆಂಬೆಯನ್ನು ಸತ್ತ ಜಾಗದಿಂದ ಹಿಡಿದು ತರುತ್ತಾರಂತೆ. ನಾನು ಎಲೆಯ ಮೂರು ನರಗಳನ್ನು ನೋಡುತ್ತಲೇ ನಿಂತೆ. ನಮ್ಮ ಬಯಲುಸೀಮೆಯ ಹೊಲದ ಬದುವಿನಲ್ಲಿ ಬೆಳೆಯುವ ಎಲಚಿಯ ಹತ್ತಿರದ ಬಂಧು ಅದು. ಹಣ್ಣು ಕಿತ್ತು ತಿನ್ನುವಾಗ ಬಾಲ್ಯದಲ್ಲಿ ಅಂಗಿಗೆ ಸಿಕ್ಕಿಕೊಳ್ಳುತ್ತಿದ್ದ ಅದೇ ಕೊಕ್ಕೆ ಮುಳ್ಳು.

ಸ್ವಲ್ಪ ಮುಂದೆ ಪೊದೆಯೊಂದರಿಂದ ನಾಲ್ಕೈದು ಕೆಂಪು ಕೊಕ್ಕಿನ ಆಕ್ಸ್‌ಪೆಕರ್ ಹಕ್ಕಿಗಳು ಕಿರುಚುತ್ತ ಮೇಲೆದ್ದವು. ಮಾರ್ಗದರ್ಶಿ ಮುಷ್ಟಿ ಎತ್ತಿದ, ಎಲ್ಲರೂ ನಿಂತೆವು. ಆ ಹಕ್ಕಿ ದೊಡ್ಡ ಪ್ರಾಣಿಗಳ ಮೈಮೇಲಿನ ಉಣ್ಣೆಹುಳುಗಳನ್ನು ಹೆಕ್ಕುವಂಥದ್ದು, ಅದು ಎದ್ದ ಜಾಗದಲ್ಲಿ ಏನೋ ಇದೆ ಎಂದರ್ಥ. ನಮಗೆ ಏನೂ ಕಾಣಲಿಲ್ಲ. ಪೂರ್ತಿ ಒಂದು ನಿಮಿಷದ ನಂತರ, ಪೊದೆಯ ನೆರಳಿನ ಒಂದು ತುಂಡು ಕಿವಿ ಅಲ್ಲಾಡಿಸಿತು: ಮುದಿ ಕಾಡೆಮ್ಮೆ ಕೋಣ, ಹಿಂಡು ಬಿಟ್ಟು ಒಂಟಿಯಾದದ್ದು. ಆತ ಬೆರಳಿನಿಂದ ಸನ್ನೆ ಮಾಡಿದ, ನಾವು ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು, ದೊಡ್ಡದೊಂದು ಹುತ್ತವನ್ನು ಮರೆಮಾಡಿಕೊಂಡು ಸುತ್ತುಬಳಸಿ ಹೋದೆವು. ಕಾರಿನಲ್ಲಿದ್ದಿದ್ದರೆ ಅಲ್ಲಿ ಕಾಡೆಮ್ಮೆಯಿದೆಯೆಂದು ನನಗೆ ತಿಳಿಯುತ್ತಲೇ ಇರಲಿಲ್ಲ.

ಆದ್ದರಿಂದ ನಡಿಗೆಯಲ್ಲಿ ಹೆಚ್ಚು ಪ್ರಾಣಿ ಕಾಣುತ್ತವೆಂಬ ನಿರೀಕ್ಷೆ ಬೇಡ, ಕಾರಿನಲ್ಲಿ ಕಾಣುವುದರ ಹತ್ತರಲ್ಲೊಂದು ಪಾಲೂ ಕಾಣದಿರಬಹುದು. ಕಾಣುವುದು ನೆಲ: ಎಲುಬು ತಿಂದು ಸುಣ್ಣದಂತೆ ಬೆಳ್ಳಗಾದ ಕತ್ತೆಕಿರುಬದ ಹಿಕ್ಕೆ, ಲದ್ದಿಯುಂಡೆ ಉರುಳಿಸುವ ಸಗಣಿ ಹುಳು, ಆನೆಯ ಹೆಜ್ಜೆ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಷ್ಟು ಮಾಡಿದರೆ ಹೆಚ್ಚುಕಡಿಮೆ ಆ ಆನೆಯ ಭುಜದೆತ್ತರ ಸಿಗುತ್ತದೆ. ಮಗಳ ಕೈಗೊಂದು ದಾರ ಕೊಟ್ಟು ಅಳೆಯಲು ಹೇಳಿ.

ಅವಳಿಗೆ ಮೊದಲೇ ಮನದಟ್ಟು ಮಾಡಬೇಕಾದ ಮಾತು ಒಂದೇ: ಏನೇ ಆದರೂ ಓಡಬಾರದು. ಓಡುವುದು ಬೇಟೆಯ ಪ್ರಾಣಿಯ ಲಕ್ಷಣ, ಅದನ್ನು ಕಂಡರೆ ಸಿಂಹ ಬೆನ್ನಟ್ಟುತ್ತದೆ. ಬಿಳಿ ಮತ್ತು ಕಡುಬಣ್ಣದ ಬಟ್ಟೆ ಬೇಡ, ಮಣ್ಣಿನ ಬಣ್ಣವಿರಲಿ. ಬೆಳಗಿನ ಚಳಿ ತೀಕ್ಷ್ಣವಾಗಿರುತ್ತದೆ, ಸ್ವೆಟರ್ ಬೇಕೇ ಬೇಕು. ರಕ್ತ ಹೀರುವ ಉಣ್ಣೆಹುಳುವಿನ ಕಾಟ ಅಲ್ಲಿಯೂ ಇದೆ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಮರಳಿದ ಮೇಲೆ ಮೈ ಪರೀಕ್ಷಿಸಿ.

ಒಂದನ್ನೇ ಆರಿಸಬೇಕೆಂದರೆ, ಮೊದಲ ಭೇಟಿಯಲ್ಲಿ ಕಾರನ್ನೇ ಆರಿಸಿ. ಆದರೆ ಆರಿಸುವ ಅಗತ್ಯ ನಿಮಗಿಲ್ಲ: ಲೋವರ್ ಸಾಬಿಯಲ್ಲಿ ಎರಡು ರಾತ್ರಿ, ಸಟಾರಾದಲ್ಲಿ ಎರಡು ರಾತ್ರಿ ಉಳಿದು, ನಡಿಗೆಯನ್ನು ಸಟಾರಾದ ಎರಡನೆಯ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಆನೆಯ ಕಿವಿ, ಸಿಂಹದ ಬಾಲ ಏನು ಹೇಳುತ್ತವೆಂಬುದು ಕಾರಿನೊಳಗಿಂದಲೇ ಮಗಳಿಗೆ ಸ್ವಲ್ಪ ಪರಿಚಯವಾಗಿರುತ್ತದೆ. ಶಿಬಿರದ ಕೋಣೆಗಳನ್ನು ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಸಂಸ್ಥೆಯಾದ ಸ್ಯಾನ್‌ಪಾರ್ಕ್ಸ್‌ನಲ್ಲಿ ತಿಂಗಳುಗಳ ಮುಂಚೆಯೇ ಕಾಯ್ದಿರಿಸಬೇಕು. ನಡಿಗೆಯ ದಿನ ಜೀಪು ಹತ್ತುವ ಮೊದಲು ನಿಮ್ಮಲ್ಲಿ ಯಾರಿಗಾದರೂ ಮಂಡಿನೋವು, ಉಬ್ಬಸ ಅಥವಾ ತೀರ ಭಯವಿದ್ದರೆ ಮಾರ್ಗದರ್ಶಿಗೆ ಹೇಳಿಬಿಡಿ. ಆತ ಅದಕ್ಕೆ ತಕ್ಕಂತೆ ದಾರಿಯನ್ನೂ ನಡಿಗೆಯ ವೇಗವನ್ನೂ ಹೊಂದಿಸಿಕೊಳ್ಳುತ್ತಾನೆ, ಭಯವಿರುವವರನ್ನು ತನ್ನ ಬೆನ್ನ ಹಿಂದೆಯೇ ನಡೆಸಿಕೊಳ್ಳುತ್ತಾನೆ.