ಪ್ರಯೋಗಾಲಯದ ಕೆಲಸಕ್ಕೆ ಸಿಡುಬಿನ ದಾಕು ಏಕೆ

ಅಮೆರಿಕದ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದೆ, ಸೇರುವ ಮೊದಲು ಸಿಡುಬಿನ ಲಸಿಕೆಯ ಬಗ್ಗೆ ಸಂಸ್ಥೆಯ ವೈದ್ಯರೊಡನೆ ಮಾತನಾಡುವಂತೆ ಪತ್ರ ಬಂದಿದೆ, 1980ರಲ್ಲೇ ನಿರ್ಮೂಲವಾಯಿತೆಂದು ಘೋಷಿಸಿದ ರೋಗಕ್ಕೆ ಈಗೇಕೆ ದಾಕು ಎಂದು ಮಂಡ್ಯದಿಂದ ಕೇಳಿದ್ದೀರಿ. ಹದಿನಾರು ವರ್ಷದ ಹಿಂದೆ ಇಂಥದೇ ಕೆಲಸಕ್ಕೆ ಮೈಸೂರಿನಿಂದ ಅಮೆರಿಕಕ್ಕೆ ಬಂದಾಗ ನನಗೂ ಇದೇ ಅನುಮಾನವಿತ್ತು. ದಾಕಿನ ಗುರುತೆಂದರೆ ಅಜ್ಜಿಯ ತೋಳಿನ ಮೇಲೆ ಇರುವಂಥದ್ದು ಎಂದೇ ತಿಳಿದಿದ್ದೆ.

ಸಿಡುಬಿನ ವೈರಾಣುವನ್ನು ಅಧಿಕೃತವಾಗಿ ಇಟ್ಟಿರುವುದು ಅಟ್ಲಾಂಟಾ ಮತ್ತು ರಷ್ಯಾದ ಕೋಲ್ತ್ಸೊವೊ, ಈ ಎರಡೇ ಕಡೆ. ನಿಮ್ಮ ಕೈಗೆ ಬರುವುದು ಅದರ ದಾಯಾದಿ ವೈರಾಣುಗಳು, ಹೆಚ್ಚಾಗಿ ವ್ಯಾಕ್ಸೀನಿಯಾ; ಸಿಡುಬಿನ ಲಸಿಕೆ ಕಾಯುವುದು ಅವುಗಳಿಂದಲೂ. ಆದ್ದರಿಂದ ಯಾವ ತಳಿಯೊಡನೆ ಕೆಲಸ ಎಂಬುದನ್ನು ಮೊದಲು ಕೇಳಿಕೊಳ್ಳಿ: ಮನುಷ್ಯರ ದೇಹದಲ್ಲಿ ವೃದ್ಧಿಯಾಗದ ಎಂ.ವಿ.ಎ. ಎಂಬ ದುರ್ಬಲ ವ್ಯಾಕ್ಸೀನಿಯಾ ತಳಿಯನ್ನಷ್ಟೇ ಬಳಸುವವರಿಗೆ ಸಾಮಾನ್ಯವಾಗಿ ಲಸಿಕೆಯ ಅಗತ್ಯವಿಲ್ಲ.

ಅಮೆರಿಕದಲ್ಲಿ ಲಸಿಕೆಗಳು ಎರಡಿವೆ. ಎಕ್ಯಾಮ್2000 ಹಳೆಯ ದಾಕಿನ ಜಾತಿಯದು. ಕವಲು ಸೂಜಿಯಿಂದ ಹದಿನೈದು ಬಾರಿ ಚುಚ್ಚುತ್ತಾರೆ, ಬೊಕ್ಕೆ ಏಳುತ್ತದೆ, ಅದರಲ್ಲಿ ಜೀವಂತ ವೈರಾಣು ಇರುವುದರಿಂದ ಹಕ್ಕಳೆ ಉದುರುವವರೆಗೂ ಪಟ್ಟಿ ಕಟ್ಟಿಕೊಂಡೇ ಇರಬೇಕು. ನಿಮ್ಮ ಮನೆಯವರಿಗೆ ಚಿಕ್ಕಂದಿನಿಂದ ಇಸುಬು ಇದೆಯೆಂದೂ ಮಗುವಿಗೆ ಇನ್ನೂ ಏಳು ತಿಂಗಳೆಂದೂ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ, ಆದರೆ ವೈದ್ಯರಿಗೆ ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಅದೇ, ಏಕೆಂದರೆ ಲಸಿಕೆ ಪಡೆಯುವವನಿಗಷ್ಟೇ ಅಲ್ಲ, ಅವನ ಮನೆಯಲ್ಲಿ ಯಾರಿಗೆ ಇಸುಬಿದ್ದರೂ ಈ ಲಸಿಕೆ ಕೊಡಬಾರದು. ಹೃದಯದ ಉರಿಯೂತದ ಅಪಾಯವೂ ಇದಕ್ಕಿದೆ. ನಿಮಗೆ ಹೊಂದುವುದು ಜಿನ್ನಿಯೋಸ್. ಅದರ ವೈರಾಣು ದೇಹದಲ್ಲಿ ವೃದ್ಧಿಯಾಗದು, ಮನೆಯವರಿಗೂ ಹರಡದು. 28 ದಿನಗಳ ಅಂತರದಲ್ಲಿ ಎರಡು ಡೋಸ್, ಪೂರ್ಣ ರಕ್ಷಣೆಗೆ ಇನ್ನೆರಡು ವಾರ. ಅಂದರೆ ಮೊದಲ ಚುಚ್ಚಿನಿಂದ ಆರು ವಾರ ವೈರಾಣುವಿನ ಕೆಲಸ ಬೇಡವೆಂದು ಮೇಲ್ವಿಚಾರಕರಿಗೆ ಈಗಲೇ ಬರೆಯಿರಿ. ವ್ಯಾಕ್ಸೀನಿಯಾದಂಥ ಸೌಮ್ಯ ವೈರಾಣುಗಳಾದರೆ ಬೂಸ್ಟರ್ ಹತ್ತು ವರ್ಷಕ್ಕೊಮ್ಮೆ, ಮಂಕಿಪಾಕ್ಸ್‌ನಂಥ ಉಗ್ರ ವೈರಾಣುಗಳಾದರೆ ಎರಡು ವರ್ಷಕ್ಕೊಮ್ಮೆ.

ಇಷ್ಟು ಎಚ್ಚರಿಕೆ ಅತಿಯೆನಿಸಿದರೆ 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ: ಸಿಡುಬಿನ ಪ್ರಯೋಗಾಲಯದ ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಛಾಯಾಗ್ರಾಹಕಿಯೊಬ್ಬರು ಆ ರೋಗಕ್ಕೆ ಬಲಿಯಾದರು. ಅಮೆರಿಕ ಸರ್ಕಾರ ಇಂದಿಗೂ ಈ ಲಸಿಕೆಗಳನ್ನು ದಾಸ್ತಾನು ಇಟ್ಟಿರುವುದು ಸಿಡುಬು ಎಲ್ಲಿಂದಲಾದರೂ ಮರಳಿದರೆ ಎಂಬ ಲೆಕ್ಕದಿಂದ. ಸೋಂಕು ತಗುಲಿದ ನಾಲ್ಕು ದಿನಗಳೊಳಗೆ ಲಸಿಕೆ ಸಿಕ್ಕರೆ ರೋಗವನ್ನು ತಡೆಯಬಹುದು, ಇಲ್ಲವೇ ಅದರ ತೀವ್ರತೆ ತಗ್ಗಬಹುದು. ಆ ದಿನಗಳ ಎಣಿಕೆ ನಿಮಗೂ ಮುಖ್ಯ. ಹೊಸದಾಗಿ ಸೇರಿದಾಗ ಒಮ್ಮೆ ನನಗೆ ಸೂಜಿ ತಗುಲಿತ್ತು. ಮೇಲಿನವರು ಏನೆಂದುಕೊಂಡಾರೋ ಎಂಬ ಸಂಕೋಚಕ್ಕೆ ಒಂದು ದಿನ ಬಾಯಿ ಬಿಡಲಿಲ್ಲ, ಆಮೇಲೆ ಹೇಳಿದಾಗ ಗದರಿಸಿದ್ದು ಸೂಜಿಗಲ್ಲ, ಆ ಒಂದು ದಿನಕ್ಕೆ. ನಿಮಗೆ ಹಾಗಾದರೆ ಸೋಪು ನೀರಿನಲ್ಲಿ ತೊಳೆದು, ಅದೇ ಗಳಿಗೆಯಲ್ಲಿ ಫೋನ್ ಮಾಡಿ.