ಸುದ್ದಿ ಮುಂದ, ನೀರು ಹಿಂದ

(ಕಲಬುರಗಿಯ ಓದುಗರೊಬ್ಬರ ಪತ್ರ. ಅಗ್ನಿಶಾಮಕ ಠಾಣೆಯಲ್ಲಿ ಶುರುವಾದ ನೌಕರಿ ಜಿಲ್ಲಾ ವಿಪತ್ತು ನಿರ್ವಹಣೆಯ ಕಂಟ್ರೋಲ್ ರೂಮಿನಲ್ಲಿ ಮುಗಿದಿದೆ. ಈಗ ಭೀಮೆಯ ಪ್ರವಾಹ ಹಿಡಿದು ಥ್ರಿಲ್ಲರ್ ಕಾದಂಬರಿ ಬರೆಯುವ ಆಸೆ. ಆದರೆ ಬರೆದದ್ದೆಲ್ಲ ವರದಿಯಾಗುತ್ತಿದೆ. ‘ಡ್ಯಾಮಿಗೆ ಬಾಂಬ್ ಇಡೋ ಒಬ್ಬನ್ನ ತರ್ರಿ’ ಎಂದು ಗೆಳೆಯರು ಸಲಹೆ ಕೊಟ್ಟಿದ್ದಾರಂತೆ. ತರಲೇ? ಜನ ಸತ್ತ ನೆರೆಯನ್ನು ರೋಚಕ ಮಾಡುವುದು ಸರಿಯೇ? ಇವು ಅವರ ಪ್ರಶ್ನೆಗಳು.)

ನಮಸ್ಕಾರ ಸರ್,

ಬಾಂಬ್ ಬೇಡ. ಬಾಂಬ್ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ಅವರಲ್ಲಿ ಯಾರೂ ಬಾಂಬ್ ನೋಡಿದವರಲ್ಲ. ನೀವು ನೋಡಿದ್ದು ಬೇರೆ.

ಮಹಾರಾಷ್ಟ್ರದಲ್ಲಿ ಭೀಮೆಗೆ ಕಟ್ಟಿದ ಉಜನಿ ಡ್ಯಾಮಿನಲ್ಲಿ ಗೇಟು ಎತ್ತಿದ ಸುದ್ದಿ ನಿಮಗೆ ಫೋನಿನಲ್ಲಿ ಬಂತು. ನೀರು ಮಾತ್ರ ಪಂಢರಪುರ ದಾಟಿ, ಸೊನ್ನ ಬ್ಯಾರೇಜು ಮುಟ್ಟಿ, ದೇವಲ ಗಾಣಗಾಪುರ ಹಾದು ಜೇವರ್ಗಿ ಕಡೆ ಇಳಿಯಬೇಕು. ನಡುವೆ ತಾಸುಗಟ್ಟಲೆ ಹೊತ್ತಿದೆ. ನಿಮ್ಮ ಕಾದಂಬರಿ ಇರುವುದು ಆ ಹೊತ್ತಿನಲ್ಲಿ. ಅದೂ ಸರಳ ಲೆಕ್ಕವಲ್ಲ. ವೀರ್ ಜಲಾಶಯದಿಂದ ಬಿಟ್ಟ ನೀರು ನೀರಾ ನದಿ ಹಿಡಿದು ಉಜನಿಯ ಕೆಳಗೆ ಭೀಮೆಗೆ ಕೂಡುತ್ತದೆ, ಸೀನಾ ಇನ್ನೂ ಕೆಳಗೆ ಬಂದು ಸೇರುತ್ತದೆ. ಮೂರೂ ಒಂದೇ ರಾತ್ರಿ ಏರಿದರೆ ಏನಾದೀತೆಂದು ನಕಾಶೆ ಮುಂದಿಟ್ಟುಕೊಂಡು ಗುಣಿಸಿದವರು ನೀವು. ನೀರು ಬರುವುದು ಓದುಗನಿಗೆ ಗೊತ್ತು, ಊರಿಗೂ ಗೊತ್ತು, ಡಂಗುರವೂ ಆಗಿದೆ. ಆದರೂ ಯಾರೂ ಎದ್ದು ಹೊರಡುತ್ತಿಲ್ಲ. ಇದಕ್ಕಿಂತ ಎದೆ ಹಿಂಡುವ ಸನ್ನಿವೇಶ ಬೇಕೇ?

ನೀವು ಕಳಿಸಿದ ಪುಟದಲ್ಲಿ ಒಂದು ಸಾಲಿದೆ: ‘ನದಿ ದಂಡೆಯ ಗ್ರಾಮಸ್ಥರನ್ನು ಮುನ್ನೆಚ್ಚರಿಕೆ ಕ್ರಮವಾಗಿ ಕಾಳಜಿ ಕೇಂದ್ರಕ್ಕೆ ಸ್ಥಳಾಂತರಿಸಲಾಯಿತು.’ ಡಿಸಿ ಆಫೀಸಿಗೆ ಇಷ್ಟು ಸಾಕು, ನನಗೆ ಸಾಲದು. ಬರುವುದಿಲ್ಲ ಅಂದವರು ಯಾರು? ಹೀಗೆ ಬರೆದು ನೋಡಿ. ಮುದುಕಿ ಹೊಸ್ತಿಲ ಮೇಲೆ ಕೂತಿದ್ದಾಳೆ. ‘ನೀರು ಗುಡಿಕಟ್ಟಿ ತನಕ ಬರ್ತಾವ, ಹೊಳ್ಳಿ ಹೋಗ್ತಾವ. ನಾ ಬರಂಗಿಲ್ಲ ಹೋಗೋ ಯಪ್ಪಾ.’ ಒಳಗೆ ಮಾರದೆ ಉಳಿದ ಹೆಸರುಕಾಳಿನ ಚೀಲ, ಹಿತ್ತಲಲ್ಲಿ ಗಬ್ಬದ ಎಮ್ಮೆ. ದೋಣಿಯಲ್ಲಿ ಎಮ್ಮೆಗೆ ಜಾಗವಿಲ್ಲ. ಕಣ್ಣಿ ಬಿಚ್ಚಿದರೆ ಅದು ಈಜಿ ಬದುಕೀತು, ಆದರೆ ಹೊಳ್ಳಿ ಸಿಕ್ಕೀತೆಂಬ ಖಾತ್ರಿ ಯಾರು ಕೊಡಬೇಕು? ಗ್ರಾಮ ಲೆಕ್ಕಿಗ ಸುಮ್ಮನೆ ನಿಂತಿದ್ದಾನೆ. ದೋಣಿಯವನು ಇಂಜಿನ್ ಬಂದ್ ಮಾಡಿಲ್ಲ. ಹೊತ್ತು ಮುಳುಗುತ್ತಿದೆ, ಇನ್ನೂ ಮೂರು ಮನೆ ಬಾಕಿ. ಇಲ್ಲಿ ಅಧ್ಯಾಯ ನಿಲ್ಲಿಸಿ. ಓದುಗ ಪುಟ ತಿರುವದೆ ಇದ್ದರೆ ನನ್ನನ್ನು ಕೇಳಿ.

ಅಂಕಿಗಳ ಮೇಲೆ ನಿಮಗಿರುವ ಪ್ರೀತಿ ಅರ್ಥವಾಗುತ್ತದೆ. ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್, ದಿನಪೂರ್ತಿ ಹರಿದರೆ 8.64 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಇದನ್ನು ಒಂದು ಸಲ, ಯಾರಾದರೂ ಹೊಸ ಹುಡುಗನಿಗೆ ವಿವರಿಸುವ ನೆಪದಲ್ಲಿ ಹೇಳಿಬಿಡಿ. ಆಮೇಲೆ ಸೇತುವೆಯ ಕಂಬದ ಮೇಲಿನ ಯಾವ ಗುರುತು ಮುಳುಗಿತು ಅನ್ನುವುದಷ್ಟೇ ಸಾಕು.

ಖಳನಾಯಕ ಯಾರು ಎಂದು ಕೇಳಿದ್ದೀರಿ. ಡ್ಯಾಮಿನ ಮೇಲಿರುವ ಇಂಜಿನಿಯರನನ್ನು ಖಳ ಮಾಡುವುದು ಬಹಳ ಸಲೀಸು, ನಮ್ಮ ಕಡೆ ಚಪ್ಪಾಳೆಯೂ ಬಿದ್ದೀತು. ಆದರೆ ಉಜನಿ ಸುಮಾರು 117 ಟಿಎಂಸಿ ಹಿಡಿಯುವ ಜಲಾಶಯ. ಬೇಸಿಗೆಯಲ್ಲಿ ಸೋಲಾಪುರಕ್ಕೆ ಕುಡಿಯಲು ಅದೇ ನೀರು, ಹಾಗಾಗಿ ಮಳೆಗಾಲ ಮುಗಿಯುವ ಹೊತ್ತಿಗೆ ಅದನ್ನು ತುಂಬಿಸಿಕೊಳ್ಳಲೇಬೇಕು. ಅಕ್ಟೋಬರ್ 2020ರಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ತಲೆ ಮೇಲೆ ಹಾದು ಹೋಯಿತಲ್ಲ, ಅಂಥ ಮಳೆ ಅಕಾಲದಲ್ಲಿ ಸುರಿದರೆ ತುಂಬಿದ ಡ್ಯಾಮಿನವನು ಗೇಟು ಎತ್ತದೆ ಏನು ಮಾಡಿಯಾನು? ಅವನಿಗೂ ಒಂದು ಅಧ್ಯಾಯ ಕೊಡಿ. ಅವನ ನಿರ್ಧಾರವೂ ಸರಿ, ನಿಮ್ಮ ನಾಯಕನ ಸಿಟ್ಟೂ ಸರಿ ಅನ್ನಿಸಬೇಕು.

ಇನ್ನು ನಾಯಕ. ದೋಣಿಯಿಂದ ಹಾರಿ ಮಗುವನ್ನು ಎತ್ತುವ ಸಾಹೇಬರನ್ನು ದಯವಿಟ್ಟು ಕೈಬಿಡಿ. ಟ್ಯೂಬ್‌ಲೈಟಿನ ಕೆಳಗೆ, ಎರಡು ಫೋನು, ಒಂದು ವೈರ್‌ಲೆಸ್ಸು, ಆರಿದ ಚಹದ ಮುಂದೆ ರಾತ್ರಿಯಿಡೀ ಕೂತ ಒಬ್ಬ ಇರಲಿ. ಇಡೀ ಕಾದಂಬರಿಯಲ್ಲಿ ಅವನು ಒಮ್ಮೆಯೂ ನದಿಯನ್ನು ನೋಡದಿದ್ದರೆ? ಬರೀ ದನಿ ಕೇಳಿಸಿಕೊಂಡೇ ದೋಣಿ ಯಾವ ಊರಿಗೆ ಹೋಗಬೇಕೆಂದು ತೀರ್ಮಾನಿಸಬೇಕಾಗಿ ಬಂದರೆ? ಇದನ್ನು ಬೆಂಗಳೂರಿನಲ್ಲಿ ಕೂತು ಯಾರೂ ಊಹಿಸಿ ಬರೆಯಲಾರರು.

ಜನ ಸತ್ತ ನೆರೆಯನ್ನು ರೋಚಕ ಮಾಡಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ತುಸು ಕಟ್ಟುನಿಟ್ಟು. ಪಂಚನಾಮೆಯಲ್ಲಿದ್ದ ಹೆಸರು, ಊರು, ಮೈಮೇಲಿನ ಬಟ್ಟೆಯ ಬಣ್ಣ ಯಾವುದೂ ಕಾದಂಬರಿಗೆ ಬರಕೂಡದು. ವಿಪತ್ತು ಸಹಾಯವಾಣಿ 1077ಕ್ಕೆ ಬಂದ ಕರೆಗಳನ್ನು ಇದ್ದಂತೆಯೇ ಎತ್ತಿ ಬಳಸಬೇಡಿ, ಅವು ಜೀವಭಯದಲ್ಲಿ ನಿಮ್ಮನ್ನು ನಂಬಿ ಆಡಿದ ಮಾತು. ಊರು ನಿಮ್ಮ ಕಲ್ಪನೆಯದಿರಲಿ, ನದಿ ಮಾತ್ರ ನಿಜ ಇರಲಿ. ಹೀಗೆ ಬರೆದರೆ ರೋಚಕವಾಗಿದೆ ಎಂದು ಯಾರೂ ನೊಂದುಕೊಳ್ಳಲಾರರು. ಬೇಸರವಾಯಿತೆಂದರೆ ಮಾತ್ರ ಯಾರೂ ಕ್ಷಮಿಸುವುದಿಲ್ಲ.

ಪ್ರವಾಹವೊಂದೇ ಅಲ್ಲ, ನಿಮ್ಮ ಹತ್ತಿರ ಎರಡನೆಯ ಪುಸ್ತಕವೂ ಇದೆ ಅನ್ನಿಸುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ನೆಲ ನಡುಗಿದಾಗ ಬೀದರ, ಕಲಬುರಗಿಯೂ ಅಲುಗಿದ್ದವು. ಕಿಲ್ಲಾರಿಯಲ್ಲಿ ಗಣಪತಿ ಕಳಿಸಿ ದಣಿದು ಮಲಗಿದ್ದ ಜನರ ಮೇಲೆ ಬಿದ್ದದ್ದು ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲದೊಳಗಿನ ಸದ್ದಿಗೆ ಹೆದರಿ ಜನ ಹೊರಗೆ ಮಲಗಿದರಲ್ಲ, ಅವರ ನೆನಪಿನಲ್ಲಿದ್ದದ್ದೂ ಕಿಲ್ಲಾರಿಯೇ. ದೊಡ್ಡ ಕಂಪನ ಬರಲೇ ಇಲ್ಲ. ಬಾರದ ಭೂಕಂಪದ ಥ್ರಿಲ್ಲರ್ ಬರೆಯಲು ಎದೆಗಾರಿಕೆ ಬೇಕು, ಮೊದಲು ಹೊಳೆ ಮುಗಿಸಿ.

ಮೊದಲ ಅಧ್ಯಾಯವನ್ನು ದೀಪಾವಳಿ ವಿಶೇಷಾಂಕಕ್ಕೆ ನೋಡುತ್ತೇನೆ. ಎರಡು ಸಾವಿರ ಪದ ಮೀರದಿರಲಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡಿಗೆ ಬದಲಿಸಿ ಕಳಿಸಿ. ಹಿಂದಿನ ಸಲದ ಹಾಗೆ ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಬೇಡಿ, ನಮ್ಮ ಡಿಟಿಪಿಯವರು ನನ್ನ ಮೇಲೆ ರೇಗುತ್ತಾರೆ.

– ಸಂಪಾದಕ