ಹ್ಯಾಂಡಲ್ ನಡುಗಿದರೆ ಮೊದಲು ಕೇಳಬೇಕಾದ್ದು: ಯಾವಾಗ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು: ಬೈಕಿನ ಮುಂಭಾಗ ನಡುಗುತ್ತದೆ. ಹಾಗಾಗಿ ಮೈಲೇಜು, ಬ್ಯಾಟರಿ ಕೇಳಿದವರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಿ.

ಪ್ರಶ್ನೆ: ನನ್ನದು ಆರು ವರ್ಷ ಹಳೆಯ 150 ಸಿಸಿ ಬೈಕು. ವೇಗ 70 ಕಿ.ಮೀ. ಮುಟ್ಟಿದ ಕೂಡಲೇ ಹ್ಯಾಂಡಲ್ ಎಡಬಲಕ್ಕೆ ಅಲುಗಲು ಶುರುವಾಗುತ್ತದೆ. 90 ದಾಟಿದರೆ ಕಡಿಮೆಯಾಗುತ್ತದೆ. ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್) ಬದಲಾಯಿಸಿದೆ, ಮುಂದಿನ ಚಕ್ರ ಹಿಡಿದಿರುವ ಎರಡು ಕಾಲುಗಳ, ಅಂದರೆ ಫೋರ್ಕಿನ, ಆಯಿಲ್ ಬದಲಾಯಿಸಿದೆ, ಗುಣ ಕಾಣಲಿಲ್ಲ. ಈಗ ಎರಡೂ ಫೋರ್ಕ್ ಹೊಸದಾಗಿ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಲೇ? (ಎರಡು ತಿಂಗಳ ಹಿಂದೆ ಮುಂದಿನ ಟೈರ್ ಹೊಸದು ಹಾಕಿಸಿದ್ದೇನೆ, ಆದ್ದರಿಂದ ಟೈರಿನದೇನೂ ತೊಂದರೆ ಇಲ್ಲ.)

ಉತ್ತರ: ಹಾಕಿಸಬೇಡಿ. ನೀವು ಕಂಸದೊಳಗೆ ತಳ್ಳಿದ ಆ ಸಾಲೇ ನಿಮ್ಮ ಉತ್ತರ. ನಡುಕ ಎಂದಿನಿಂದ ಶುರುವಾಯಿತು ಎಂದು ನೀವು ಬರೆದಿಲ್ಲ. ಟೈರ್ ಬದಲಾದ ವಾರದಲ್ಲೇ ಎಂದು ನಾನು ಊಹಿಸುತ್ತೇನೆ. ಹೊಸ ಟೈರ್ ಎಂದರೆ ಒಳ್ಳೆಯ ಟೈರ್ ಇರಬಹುದು, ಸರಿಯಾಗಿ ಕೂತ ಟೈರ್ ಎಂದೇನೂ ಅಲ್ಲ.

ಮೊದಲು ಖರ್ಚಿಲ್ಲದ ಕೆಲಸ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂಬದಿಗೆ ಭಾರ ಕೊಟ್ಟು ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ. ಟೈರಿನ ಪಕ್ಕದಲ್ಲಿ, ರಿಮ್ಮಿನ ಅಂಚಿಗೆ ಅಂಟಿದಂತೆ, ಸುತ್ತಲೂ ಒಂದು ತೆಳ್ಳನೆಯ ಉಬ್ಬುಗೆರೆ ಇರುತ್ತದೆ. ಅದನ್ನು ಟೈರ್ ಮಾಡಿದವರು ಇಟ್ಟಿರುವುದೇ ನೋಡಲಿಕ್ಕಾಗಿ. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಆ ಗೆರೆಗೂ ರಿಮ್ಮಿಗೂ ನಡುವಿನ ಅಂತರ ಗಮನಿಸಿ. ಒಂದು ಕಡೆ ಗೆರೆ ರಿಮ್ಮಿನೊಳಗೆ ಅಡಗಿ, ಎದುರು ಕಡೆ ಎದ್ದು ಕಂಡರೆ ಟೈರ್ ಪೂರ್ತಿ ಕೂತಿಲ್ಲ ಎಂದರ್ಥ. ಗಾಳಿ ಇಳಿಸಿ, ಅಂಚಿಗೆ ಸಾಬೂನು ನೀರು ಸವರಿ, ಮತ್ತೆ ಗಾಳಿ ತುಂಬಿಸಿದರೆ ‘ಟಪ್’ ಎಂದು ಕೂರುತ್ತದೆ. ಟೈರಿನ ಮೇಲೆ ಬರೆದಿರುವ ಗರಿಷ್ಠ ಒತ್ತಡವನ್ನು ಮಾತ್ರ ಮೀರಬೇಡಿ. ಕೂತ ಮೇಲೆ ಕೈಪಿಡಿ ಹೇಳಿದಷ್ಟಕ್ಕೆ ಇಳಿಸಿ.

ಗೆರೆ ಸರಿಯಿದ್ದರೆ ಮುಂದಿನದು ತೂಕ. ಹೆಚ್ಚಿನ ಹೊಸ ಟೈರುಗಳ ಮೇಲೆ ಒಂದು ಬಣ್ಣದ ಚುಕ್ಕೆ ಇರುತ್ತದೆ. ಟೈರಿನ ಹಗುರ ಜಾಗ ಅದು. ಅದು ವಾಲ್ವಿನ ಪಕ್ಕದಲ್ಲೇ ಬರುವಂತೆ ಕೂರಿಸಬೇಕು, ಏಕೆಂದರೆ ವಾಲ್ವಿನ ಭಾರ ಅಲ್ಲಿರುತ್ತದೆ. ಚುಕ್ಕೆ ನೋಡದೆ ಕೂರಿಸುವವರೇ ಹೆಚ್ಚು. ಆಮೇಲೆ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತ ಭಾರ ಸಮ ಮಾಡುವುದು. ಕಾರಿಗೆ ತಪ್ಪದೆ ಮಾಡಿಸುವವರು ಬೈಕಿಗೆ ಬೇಕೇ ಎಂದು ಕೇಳುತ್ತಾರೆ. ಲೆಕ್ಕ ನೋಡಿ: ರಿಮ್ಮಿನ ಅಂಚಿನಲ್ಲಿ ಬರೀ 20 ಗ್ರಾಂ ಹೆಚ್ಚಿದ್ದರೂ, 70 ಕಿ.ಮೀ. ವೇಗದಲ್ಲಿ ಅದು ಸುಮಾರು ಎರಡು ಕಿಲೋ ತೂಕದಷ್ಟು ಬಲದಿಂದ ಚಕ್ರವನ್ನು ಹೊರಕ್ಕೆಳೆಯುತ್ತದೆ. ಚಕ್ರ ಆಗ ಸೆಕೆಂಡಿಗೆ ಹತ್ತು ಸುತ್ತು ಸುತ್ತುತ್ತಿರುತ್ತದೆ, ಅಂದರೆ ಸೆಕೆಂಡಿಗೆ ಹತ್ತು ಸಲ ಮೇಲೆ, ಕೆಳಗೆ, ಹಿಂದೆ, ಮುಂದೆ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು.

ಹಾಗಾದರೆ 90ರಲ್ಲಿ ನಡುಕ ಹೆಚ್ಚಬೇಕಿತ್ತಲ್ಲ ಎಂದು ಕೇಳುವಿರಿ. ಉಯ್ಯಾಲೆ ನೆನೆಸಿಕೊಳ್ಳಿ. ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಬೆರಳಲ್ಲೇ ಜೋರಾಗಿ ತೂಗುತ್ತದೆ, ಲಯ ಮೀರಿ ತಳ್ಳಿದರೆ ಕೈ ನೋಯುತ್ತದೆ ಅಷ್ಟೆ. ಮುಂದಿನ ಚಕ್ರ, ಫೋರ್ಕ್, ಹ್ಯಾಂಡಲ್ ಸೇರಿದ ಆ ಜೋಡಣೆಗೂ ತನ್ನದೇ ಒಂದು ಲಯವಿದೆ. ನಿಮ್ಮ ಬೈಕಿನ ಚಕ್ರ 70ರ ಆಸುಪಾಸಿನಲ್ಲಿ ಆ ಲಯಕ್ಕೆ ತಾಳ ಹಾಕುತ್ತಿದೆ.

ಬ್ಯಾಲೆನ್ಸಿಂಗ್ ಯಂತ್ರ ಸಿಗದಿದ್ದರೆ ಚಕ್ರ ಬಿಚ್ಚಿ, ಆಕ್ಸಲ್ಲನ್ನು (ಚಕ್ರದ ನಡುವಿನ ಸರಳು) ಎರಡು ಸಮ ಎತ್ತರದ ಆಸರೆಗಳ ಮೇಲಿಟ್ಟು, ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಡಿ. ಭಾರವಾದ ಭಾಗ ಕೆಳಗೆ ಬಂದು ನಿಲ್ಲುತ್ತದೆ. ಅದರ ಎದುರಿಗೆ, ಅಂದರೆ ನೆತ್ತಿಯ ಭಾಗದಲ್ಲಿ, ಐದೈದು ಗ್ರಾಮಿನ ತೂಕ ಅಂಟಿಸುತ್ತ ಹೋಗಿ. ಹೇಗೆ ಬಿಟ್ಟರೂ ಚಕ್ರ ಒಂದೇ ಕಡೆ ಬಂದು ನಿಲ್ಲದಿದ್ದರೆ ಕೆಲಸ ಮುಗಿಯಿತು. ಐವತ್ತು ಅರವತ್ತು ಗ್ರಾಂ ಅಂಟಿಸಿದರೂ ಸಾಲದಾದರೆ ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ಸರಿಸಿ ಮತ್ತೆ ನೋಡಿ. ಇದೇ ಹೊತ್ತಿನಲ್ಲಿ ಬೇರಿಂಗಿನೊಳಗೆ ಬೆರಳಿಟ್ಟು ತಿರುಗಿಸಿ. ಮರಳು ಸಿಕ್ಕಂತೆ ಕರಕರ ಎಂದರೆ ಅದೂ ಬದಲಾಗಬೇಕು.

ಚಕ್ರ ಮತ್ತೆ ಕೂರಿಸುವಾಗ ಒಂದು ಮಾತು. ಇದನ್ನು ನಾನು ನಾಚಿಕೆಯಿಂದ ಬರೆಯುತ್ತಿದ್ದೇನೆ. ಕೆಲಸ ಕಲಿತು ಎರಡು ವರ್ಷವಾಗಿದ್ದಾಗ ಒಬ್ಬರ ಬೈಕಿನ ಮುಂದಿನ ಪಂಕ್ಚರ್ ಹಾಕಿ ಕಳಿಸಿದೆ. ಮರುದಿನವೇ ಮುಂಭಾಗ ನಡುಗುತ್ತದೆ ಎಂದು ಬಂದರು. ಗಾಳಿ ನೋಡಿದೆ. ಮತ್ತೆ ಬಂದರು. ಕೋನ್ ಸೆಟ್ ಬದಲಾಯಿಸಿದೆ. ಮೂರನೇ ಸಲ ಬಂದಾಗ ಅವರು ಬಯ್ಯಲಿಲ್ಲ, ಬೈಕ್ ನಿಲ್ಲಿಸಿ ಬೆಂಚಿನ ಮೇಲೆ ಸುಮ್ಮನೆ ಕೂತರು. ಬಯ್ದಿದ್ದರೆ ವಾಸಿಯಿತ್ತು. ಹ್ಯಾಂಡಲ್ ಹಿಡಿದು ಮುಂಭಾಗವನ್ನು ಒತ್ತಿದೆ. ಕೆಳಗೆ ಹೋಯಿತು, ಮೇಲೆ ಬರುವಾಗ ಬಿಗಿ ಬಾಗಿಲು ಎಳೆದಂತೆ ತಡೆದು ತಡೆದು ಬಂತು. ಫೋರ್ಕಿನ ಬುಡದಲ್ಲಿ ಆಕ್ಸಲ್ಲನ್ನು ಅಪ್ಪಿ ಹಿಡಿಯುವ ಚಿಕ್ಕ ಬೋಲ್ಟನ್ನು ಸಡಿಲಿಸಿದೆ ನೋಡಿ, ‘ಟಕ್’ ಎಂದು ಆ ಕಾಲು ಎರಡು ಮಿಲಿಮೀಟರಿನಷ್ಟು ಹೊರಕ್ಕೆ ಸರಿಯಿತು. ಪಂಕ್ಚರ್ ಹಾಕಿದ ದಿನ ನಾನೇ ಅವಸರದಲ್ಲಿ ಆ ಬೋಲ್ಟನ್ನು ಮೊದಲು ಬಿಗಿದಿದ್ದೆ. ಫೋರ್ಕಿನ ಎರಡು ಕಾಲುಗಳು ಸಮಾನಾಂತರವಾಗಿರಲಿಲ್ಲ. ಸರಿಯಾದ ಕ್ರಮ ಇದು: ಆಕ್ಸಲ್ ನಟ್ ಬಿಗಿಯಿರಿ, ಬೈಕನ್ನು ನೆಲಕ್ಕಿಳಿಸಿ, ಮುಂದಿನ ಬ್ರೇಕ್ ಹಿಡಿದು ನಾಲ್ಕೈದು ಸಲ ಮುಂಭಾಗವನ್ನು ಒತ್ತಿ ಬಿಡಿ, ಆಮೇಲೆ ಆ ಚಿಕ್ಕ ಬೋಲ್ಟ್. ಬಿಚ್ಚಿ ಹಾಕಿದ ಕೋನ್ ಸೆಟ್ಟಿನ ಹಣ ನಾನು ತೆಗೆದುಕೊಳ್ಳಲಿಲ್ಲ.

ಪ್ರಶ್ನೆ: ಓಡುವಾಗ ಬೈಕ್ ಹೂವಿನಂತೆ ಹೋಗುತ್ತದೆ. ಮುಂದಿನ ಡಿಸ್ಕ್ ಬ್ರೇಕ್ ಹಿಡಿದಾಗ ಮಾತ್ರ ಲಿವರ್ ಬೆರಳಿಗೆ ಮಿಡಿಯುತ್ತದೆ, ಹ್ಯಾಂಡಲ್ ಅದುರುತ್ತದೆ. ಡಿಸ್ಕ್ ಬಾಗಿದೆಯೇ?

ಉತ್ತರ: ಬ್ರೇಕ್ ಹಿಡಿದಾಗ ಮಾತ್ರ ಎಂದು ಗಮನಿಸಿ ಬರೆದಿರಿ. ಟೈರ್, ಬ್ಯಾಲೆನ್ಸು ಎರಡನ್ನೂ ನೀವೇ ಪಟ್ಟಿಯಿಂದ ತೆಗೆದುಹಾಕಿದಂತಾಯಿತು. ಬಾಗಿರಲೂಬಹುದು. ಆದರೆ ‘ಬಾಗಿದೆ’ ಎಂದು ಎಸೆದ ಎಷ್ಟೋ ಡಿಸ್ಕುಗಳು ಬಾಗಿರುವುದಿಲ್ಲ. ಬಿಸಿಯಾದ ಡಿಸ್ಕಿನ ಮೇಲೆ ಪ್ಯಾಡಿನ ವಸ್ತು ಒಂದೇ ಕಡೆ ಅಂಟಿಕೊಂಡು ಕಪ್ಪು ಮಚ್ಚೆಯಾಗುತ್ತದೆ. ಉದ್ದದ ಇಳಿಜಾರು ಇಳಿದು ಬಂದು, ಬ್ರೇಕ್ ಬಿಗಿಯಾಗಿ ಹಿಡಿದೇ ನಿಂತರೆ ಹೀಗಾಗುವುದು ಸಹಜ. ಸಣ್ಣ ಮರಳುಕಾಗದದಲ್ಲಿ ಎರಡೂ ಮುಖಗಳನ್ನು ಒಂದೇ ಸಮ ಉಜ್ಜಿ, ಬ್ರೇಕ್ ಕ್ಲೀನರಿನಲ್ಲಿ ತೊಳೆದು ನೋಡಿ. ಎಣ್ಣೆ ಸೋಂಕಿದ ಬಟ್ಟೆಯನ್ನು ಹತ್ತಿರಕ್ಕೂ ತರಬೇಡಿ. ಹೋಗದಿದ್ದರೆ ಡಯಲ್ ಗೇಜ್ (ಸಣ್ಣ ಓಲಾಟವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ಅಳೆಯಿಸಿ. ಹೆಚ್ಚಿನ ಕೈಪಿಡಿಗಳು ಡಿಸ್ಕಿನ ಓಲಾಟಕ್ಕೆ 0.3 ಮಿ.ಮೀ. ಆಸುಪಾಸಿನ ಮಿತಿ ಹಾಕುತ್ತವೆ. ಕಣ್ಣಿಗೆ ಅದು ಕಾಣುವುದೇ ಇಲ್ಲ, ಹಾಗಾಗಿ ಕಣ್ಣಲ್ಲೇ ನೋಡಿ ತೀರ್ಪು ಕೊಡುವವರನ್ನು ನಂಬಬೇಡಿ. ಕನಿಷ್ಠ ದಪ್ಪ ಎಷ್ಟಿರಬೇಕೆಂಬುದನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ.

ಪ್ರಶ್ನೆ: ನಾನು ದಿನವೂ ಒಂದು ಗಂಟೆ ಬೈಕ್ ಓಡಿಸುತ್ತೇನೆ. ಇಳಿದ ಮೇಲೆ ಅಂಗೈ ಜುಮ್ಮೆನ್ನುತ್ತದೆ. ಹ್ಯಾಂಡಲ್ ಅಲುಗುವುದು ಕಣ್ಣಿಗೆ ಕಾಣುವುದಿಲ್ಲ. ಚಕ್ರ ತೋರಿಸಬೇಕೇ? (ಒಬ್ಬ ಓದುಗಿ)

ಉತ್ತರ: ಬೇಡಮ್ಮ, ಚಕ್ರದ ತಪ್ಪಲ್ಲ. ಚಕ್ರ ಸೆಕೆಂಡಿಗೆ ಹತ್ತು ಹನ್ನೆರಡು ಸಲ ಅಲುಗಿಸುತ್ತದೆ, ಅದು ತೋಳಿಗೆ ಗೊತ್ತಾಗುತ್ತದೆ. ಎಂಜಿನ್ 5000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 5000 ಸುತ್ತು) ಸೆಕೆಂಡಿಗೆ ಎಂಬತ್ತಕ್ಕೂ ಹೆಚ್ಚು ಸಲ ತಿರುಗುತ್ತದೆ. ಜುಮ್ಮೆನ್ನಿಸುವುದು ಅದು. ಖಾಲಿ ರಸ್ತೆಯಲ್ಲಿ ಜುಮ್ಮೆನ್ನುವ ವೇಗಕ್ಕೆ ಬಂದು, ಥ್ರಾಟಲ್ ಬಿಟ್ಟು ಕ್ಲಚ್ ಹಿಡಿಯಿರಿ. ವೇಗ ಹಾಗೇ ಇರುತ್ತದೆ, ಎಂಜಿನ್ ಮಾತ್ರ ಇಳಿಯುತ್ತದೆ. ನಡುಕವೂ ಅದರೊಡನೆ ಇಳಿದರೆ ಎಂಜಿನ್ ಹಿಡಿದಿರುವ ಬೋಲ್ಟುಗಳನ್ನು, ಹ್ಯಾಂಡಲಿನ ತುದಿಯ ತೂಕದ ಗುಂಡುಗಳನ್ನು ನೋಡಿಸಿ. ಆ ಗುಂಡು ಬಿದ್ದುಹೋಗಿ ಖಾಲಿಯಿದ್ದ ಹ್ಯಾಂಡಲುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಓಡಿಸುವವರಿಗೆ ತಿಳಿದೇ ಇರುವುದಿಲ್ಲ.

ಪ್ರಶ್ನೆ: ನಿಧಾನಿಸುತ್ತ 50ಕ್ಕೆ ಬಂದಾಗ ಎರಡೂ ಕೈ ಬಿಟ್ಟರೆ ಹ್ಯಾಂಡಲ್ ಹುಚ್ಚು ಹಿಡಿದಂತೆ ಕುಣಿಯುತ್ತದೆ. ಹಿಂದೆ ದೊಡ್ಡ ಪೆಟ್ಟಿಗೆ ಇದೆ.

ಉತ್ತರ: ಮೊದಲು ಕೈ ಬಿಡುವುದನ್ನು ಬಿಡಿ. ಪೆಟ್ಟಿಗೆ ಇಳಿಸಿ, ಕೈ ಹ್ಯಾಂಡಲಿನ ಮೇಲೆ ಹಗುರಾಗಿ ಇಟ್ಟುಕೊಂಡೇ ಓಡಿಸಿ ನೋಡಿ. ಹಿಂದಿನ ಭಾರ ಮುಂದಿನ ಚಕ್ರವನ್ನು ಹಗುರ ಮಾಡಿ ಅದರ ಹಿಡಿತ ಕಡಿಮೆ ಮಾಡುತ್ತದೆ. ಆಮೇಲೆ ಕೋನ್ ಸೆಟ್: ಮುಂದಿನ ಚಕ್ರ ಎತ್ತಿ, ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಎಳೆಯಿರಿ. ಇನ್ನೊಬ್ಬರು ಕೋನ್ ಸೆಟ್ ಇರುವ ಸಂದಿಗೆ ಬೆರಳಿಡಲಿ. ಅಲ್ಲಿ ಕಟಕ್ ಎಂದರೆ ಸಡಿಲ. ಹ್ಯಾಂಡಲನ್ನು ಒಂದೇ ಬೆರಳಲ್ಲಿ ಪಕ್ಕಕ್ಕೆ ತಿರುಗಿಸಿ. ನಟ್ಟನಡುವೆ ಗುಣಿಗೆ ಬಿದ್ದಂತೆ ತಡೆದು ನಿಂತರೆ ಸವೆದಿದೆ, ಬಿಗಿ ಮಾಡಿ ಉಪಯೋಗವಿಲ್ಲ, ಬದಲಾಯಿಸಿ. ಬಿಗಿ ಅತಿಯಾದರೂ ಕಷ್ಟ. ಆಗ ಬೈಕ್ ನಿಧಾನ ವೇಗದಲ್ಲಿ ನೇರ ಹೋಗದೆ ಅತ್ತಿತ್ತ ಓಲುತ್ತದೆ. ಓಡುವಾಗ ಹ್ಯಾಂಡಲ್ ಜೋರಾಗಿ ಕುಣಿದರೆ ಬ್ರೇಕ್ ಅದುಮಬೇಡಿ, ಮಂಡಿಗಳಿಂದ ಟ್ಯಾಂಕ್ ಅವುಚಿ, ತೋಳು ಸಡಿಲಿಸಿ, ಥ್ರಾಟಲ್ ಮೆಲ್ಲಗೆ ಇಳಿಸಿ.

ಪ್ರಶ್ನೆ: ಕಡ್ಡಿಗಳಿರುವ ಚಕ್ರ ಅಲಾಯ್‌ಗಿಂತ ಹೆಚ್ಚು ನಡುಗುತ್ತದೆಯೇ?

ಉತ್ತರ: ನೋಡಿಕೊಳ್ಳದವರದು ನಡುಗುತ್ತದೆ. ಸ್ಪ್ಯಾನರಿನಿಂದ ಪ್ರತಿ ಕಡ್ಡಿಯನ್ನೂ ತಟ್ಟಿ. ಬಿಗಿಯಿದ್ದದ್ದು ‘ಟಿಣ್’ ಎನ್ನುತ್ತದೆ, ಸಡಿಲಾದದ್ದು ‘ಡಬ್’ ಎನ್ನುತ್ತದೆ. ರಿಮ್ಮಿನ ಓಲಾಟ 2 ಮಿ.ಮೀ. ದಾಟಿದರೆ ಕಡ್ಡಿ ಎಳೆದು ಸರಿಮಾಡಬಲ್ಲವರಿಗೆ ಕೊಡಿ. ಗುಂಡಿಗೆ ಬಿದ್ದು ಬಾಗಿದ ಅಲಾಯ್ ರಿಮ್ಮನ್ನು ಸುತ್ತಿಗೆಯಲ್ಲಿ ಬಡಿದು ನೇರ ಮಾಡಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪದೆ ಬೈಕ್ ವಾಪಸ್ ತೆಗೆದುಕೊಂಡು ಬನ್ನಿ.